ತವರು, ನೆಂಟರ ಮನೆ, ಗಂಡನ ಮನೆ

ಮಾರ್ಚ್ ೪

ಪ್ರೀತಿಯ ಚೂಟಿಗೆ,

ಪಾರ್ಸೆಲ್ ಬಿಚ್ಚುವ ಮೊದಲು ಈ ಕಾಗದ ಓದು. ನೀನು ಮೊದಲು ಬಿಚ್ಚಿ ಆಮೇಲೆ ಓದುವವಳು ಎಂದು ಗೊತ್ತು, ಆದರೂ ಹೇಳುವುದು ನನ್ನ ಧರ್ಮ.

ನಿಮ್ಮ ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಹೊರಗಿನ ಇಂಟರ್ನೆಟ್ ಇಲ್ಲ, ಹೊರಗಿನವರು ಕಟ್ಟಿದ ಪ್ರೋಗ್ರಾಂ ಅಲ್ಲಿ ಓಡಿಸುವಂತಿಲ್ಲ, ಸೂಚನೆಗಳೆಲ್ಲ ಕಾಗದದಲ್ಲೇ ಬರಬೇಕು ಎಂಬ ನಿಯಮಗಳನ್ನು ಕೇಳಿ ನಮ್ಮ ಆಫೀಸಿನವರು ತಲೆ ಚಚ್ಚಿಕೊಂಡರು. ನನಗೆ ಮಾತ್ರ ಖುಷಿಯಾಯಿತು. ಕೆಲಸದ ನೆಪದಲ್ಲಿ ಗಂಡನ ತಂಗಿಗೆ ಕಾಗದ ಬರೆದು, ಅದಕ್ಕೆ ಸಂಬಳವನ್ನೂ ಎಣಿಸುವ ಭಾಗ್ಯ ಎಷ್ಟು ಅತ್ತಿಗೆಯರಿಗೆ ಸಿಕ್ಕೀತು? ಟೈಪು ಮಾಡಿದ ಹಾಳೆಯನ್ನು ನಿಮ್ಮ ಕಚೇರಿಗೆ ಕೊಡು. ಕೈಬರಹದ ಹಾಳೆಗಳು ನಮ್ಮಿಬ್ಬರವು.

ಪೆನ್‌ಡ್ರೈವಿನಲ್ಲಿರುವುದು ನಿಮ್ಮ ಹೊಸ ವಾರ್ಡಿನ ಅಲಾರಂ ಪ್ರೋಗ್ರಾಮಿನ ಮೂಲ. ಹಾಸಿಗೆಯಲ್ಲಿರುವವರ ನಾಡಿ ಇಳಿದರೆ ನರ್ಸ್ ಮೇಜಿನ ಪರದೆ ಕೆಂಪಾಗಬೇಕು, ಸದ್ದು ಮಾಡಬೇಕು. ಅದರ ಕೆಲಸ ಅಷ್ಟೇ, ಆದರೆ ಅಷ್ಟನ್ನು ತಪ್ಪದೆ ಮಾಡಬೇಕು. ಈ ಮೂಲವನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಡುವ ಸಾಧನವೂ ಜೊತೆಗಿದೆ. ಹಾಗೆ ಕಟ್ಟುವುದನ್ನು ನಾವು ಬಿಲ್ಡ್ ಎನ್ನುತ್ತೇವೆ. ಮೂಲ ಒಂದೇ ಆದರೂ ಅದು ಬದುಕಬೇಕಾದ ಜಾಗಗಳು ಮೂರು: ನನ್ನ ಮೇಜು, ನಮ್ಮ ಆಫೀಸಿನ ಪರೀಕ್ಷೆಯ ಕೋಣೆ, ಕೊನೆಗೆ ನಿಮ್ಮ ವಾರ್ಡು. ಒಂದೊಂದು ಕಡೆ ಹಾಸಿಗೆಗಳ ಲೆಕ್ಕ ಬೇರೆ, ಯಂತ್ರಗಳ ವಿಳಾಸ ಬೇರೆ, ಸದ್ದಿನ ಮಟ್ಟ ಬೇರೆ. ಅದಕ್ಕೇ ಮೂರು ಸೆಟ್ಟಿಂಗ್ ಫೈಲುಗಳಿವೆ. ಬೇರೆಯವರು ಇವಕ್ಕೆ ಬಾಯಿ ತಿರುಗದ ಹೆಸರಿಡುತ್ತಾರೆ. ನಾನು ತವರು, ನೆಂಟರ ಮನೆ, ಗಂಡನ ಮನೆ ಎಂದಿಟ್ಟಿದ್ದೇನೆ. ತವರಿನಲ್ಲಿ ತಲೆ ಬಾಚದೆ ಓಡಾಡಿದರೂ ನಡೆಯುತ್ತದೆ. ನೆಂಟರ ಮನೆಯಲ್ಲಿ ನಾಲ್ಕು ದಿನ ಒಳ್ಳೆಯವಳಾಗಿರಬೇಕು. ಗಂಡನ ಮನೆಯಲ್ಲಿ ಎಡವುವಂತಿಲ್ಲ.

ಗಂಡನ ಮನೆಯ ಫೈಲನ್ನು ನೀನೇ ತುಂಬಬೇಕು, ನಿಮ್ಮ ವಾರ್ಡಿನ ವಿವರ ನಿನಗೇ ಗೊತ್ತು. ಗೊತ್ತಿಲ್ಲದ ಸಾಲು ಬಂದರೆ ಖಾಲಿ ಬಿಡು. ಅಲ್ಲಿ ಸಿಗದ್ದನ್ನು ಬಿಲ್ಡ್ ತಾನಾಗಿಯೇ ತವರಿನಿಂದ ತಂದುಕೊಳ್ಳುತ್ತದೆ. ಇದು ನನ್ನ ಕೈಚಳಕ. ಒಂದು ಸಾಲಿಲ್ಲ ಎಂದು ಮುಖ ಊದಿಸಿಕೊಂಡು ಅರ್ಧಕ್ಕೆ ನಿಲ್ಲುವ ಬಿಲ್ಡ್‌ಗಳನ್ನು ಕಂಡರೆ ನನಗಾಗದು. ನಾನು ಸಿದ್ಧಮಾಡಿದ ಬಿಲ್ಡ್ ಈವರೆಗೆ ಎಲ್ಲೂ ನಿಂತಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆ ಮಹಡಿಯ ಕುಂಡಗಳಿಗೆ ತಾವೇ ನೀರು ಹೊರುತ್ತಾರೆ, ಬೇಡವೆಂದರೆ ನನಗೆ ವಯಸ್ಸಾಗಿದೆಯೇ ಎಂದು ಜಗಳಕ್ಕೆ ಬರುತ್ತಾರೆ. ನಿಮ್ಮಣ್ಣ ಎಂದಿನಂತೆ ಪೇಪರಿನ ಹಿಂದಿದ್ದಾರೆ.

ನಿನ್ನ ಅತ್ತಿಗೆ


ಮಾರ್ಚ್ ೧೬

ಅತ್ತಿಗೆಗೆ ನಮಸ್ಕಾರ.

ಪಾರ್ಸೆಲ್ ಬಿಚ್ಚಿ, ಬಿಲ್ಡ್ ಓಡಿಸಿ, ಆಮೇಲೆ ಕಾಗದ ಓದಿದೆ.

ನಿಮ್ಮ ಹೆಸರುಗಳು ಇಲ್ಲಿ ಸುದ್ದಿಯಾಗಿವೆ. ನಮ್ಮ ಮುಖ್ಯಸ್ಥರು ಟೈಪು ಹಾಳೆಯಲ್ಲಿ ‘ಗಂಡನ ಮನೆಗೆ ಕಳಿಸುವ ಮುನ್ನ ನೆಂಟರ ಮನೆಯಲ್ಲಿ ಓಡಿಸಿ ನೋಡತಕ್ಕದ್ದು’ ಎಂಬುದನ್ನು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. “ಇದು ಅಲಾರಂ ವಿಷಯಾನೇ ತಾನೆ?” ಎಂದು ಕೇಳಿದರು. ಹೌದು ಎಂದೆ. ಗಂಡನ ಮನೆಯ ಮುಖವನ್ನೇ ನೋಡದ ನನ್ನ ಕೈಗೆ ಅದರ ಫೈಲು ಒಪ್ಪಿಸಿದ್ದೀರಿ, ನಿಮ್ಮ ಧೈರ್ಯವನ್ನು ಮೆಚ್ಚಬೇಕು.

ನಾನು ಕೂರುವ ಕೋಣೆಗೆ ಕಿಟಕಿಯಿಲ್ಲ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಮನುಷ್ಯರನ್ನು ನಡುಗಿಸುತ್ತಾರೆ. ಕುರ್ಚಿಯ ಬೆನ್ನಿಗೆ ಒಂದು ಬೂದುಬಣ್ಣದ ಸ್ವೆಟರ್ ಇದೆ, ಯಾರದೆಂದು ಯಾರಿಗೂ ಗೊತ್ತಿಲ್ಲ, ಕೂತವರೆಲ್ಲ ಅದನ್ನೇ ಹಾಕಿಕೊಳ್ಳುವುದು ವಾಡಿಕೆ. ಫೋನನ್ನು ಬಾಗಿಲ ಹೊರಗಿನ ಗೂಡಿನಲ್ಲಿಟ್ಟು ಒಳಗೆ ಹೋಗಬೇಕು.

ಫೈಲು ತುಂಬಿದೆ. ಹಾಸಿಗೆ ಹದಿನಾರು. ಸದ್ದಿನ ಮಟ್ಟ ಎಂಬ ಸಾಲಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಹಳೆಯ ವಾರ್ಡಿನ ಮೇಜಿನಲ್ಲಿ ಸದ್ದಿಗೆ ಒಂದು ತಿರುಪು ಇತ್ತಂತೆ, ಬೇಕಾದಷ್ಟು ತಿರುಗಿಸಿಕೊಳ್ಳುತ್ತಿದ್ದರಂತೆ. ಅಂಕಿಯ ಲೆಕ್ಕದಲ್ಲಿ ಎಷ್ಟು ಎಂದು ಕೇಳಿದರೆ ಎಲ್ಲರೂ ನನ್ನನ್ನೇ ನೋಡಿದರು. ಹೊಸ ಮೇಜಿಗೆ ತಿರುಪೇ ಇಲ್ಲ. ನೀವು ಹೇಳಿದಂತೆ ಖಾಲಿ ಬಿಟ್ಟೆ. ನೋಡಿದರೆ ಕೋಣೆ ತುಂಬುವಷ್ಟು ಸದ್ದು ಬಂತು, ವಾರ್ಡಿನ ಹಿರಿಯ ಸಿಸ್ಟರ್ ಇಷ್ಟೇ ಇರಲಿ ಎಂದರು. ತವರು ಗಟ್ಟಿಯಾಗಿದ್ದರೆ ಹೆಣ್ಣಿಗೆ ಯಾವ ಚಿಂತೆ?

ವಾರ್ಡು ಮೇ ಇಪ್ಪತ್ತಕ್ಕೆ ಶುರು. ಅಲಾರಂ ಸರಿಯಿದೆ ಎಂದು ಸಹಿ ಹಾಕಬೇಕಾದವಳು ನಾನು. ನನ್ನ ಸಹಿ ಇಲ್ಲದೆ ಒಬ್ಬ ರೋಗಿಯೂ ಒಳಗೆ ಬರುವಂತಿಲ್ಲ. ಬಂದಾಗಿನಿಂದ ಇಲ್ಲಿ ನನ್ನನ್ನು ‘ಹೊಸ ಹುಡುಗಿ’ ಎನ್ನುತ್ತಾರೆ, ಟೀ ಬೇಕೇ ಎಂದು ಕೇಳಲೂ ಹಾಗೇ ಕರೆಯುತ್ತಾರೆ. ಮೇ ಇಪ್ಪತ್ತರ ನಂತರ ಅದು ನಿಲ್ಲಬೇಕು. ಇನ್ನೆರಡು ಹಾಸಿಗೆ ಸೇರಿಸುವ ಮಾತಿದೆ, ಅವು ಬೇರೆ ಬಗೆಯ ಯಂತ್ರಗಳಂತೆ. ಅದಕ್ಕೆ ನಿಮ್ಮಿಂದ ಹೊಸ ಪಾರ್ಸೆಲ್ ಬೇಕಾದೀತು.

ಅಮ್ಮನಿಗೆ ಹೇಳಿ, ಭಾನುವಾರ ಫೋನ್ ಮಾಡುತ್ತೇನೆ.

ಚೂಟಿ


ಮಾರ್ಚ್ ೨೮

ಚೂಟಿ,

ನಿನ್ನ ಕಾಗದ ಬಂದು ದಿನಗಳಾದವು. ಉತ್ತರ ಬರೆಯಲು ಕೈ ಬಿಡುವಾಗಲಿಲ್ಲ. ಎರಡು ಹಾಸಿಗೆಯ ಕೆಲಸ ಶುರುಮಾಡಿದ್ದೇನೆ. ಏಪ್ರಿಲ್ ನಡುವಿನಲ್ಲಿ ಪಾರ್ಸೆಲ್ ಬರುತ್ತದೆ.

ಅತ್ತೆ ಚಿಕ್ಕಮ್ಮನ ಮನೆಗೆ ಹೋಗಿದ್ದರು, ಅಲ್ಲಿ ಫೋನ್ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ನಿನಗೆ ಸಿಕ್ಕಲಿಲ್ಲ. ಈಗ ಬಂದಿದ್ದಾರೆ. ಪ್ರಯಾಣದ ದಣಿವು, ಹೆಚ್ಚು ಹೊತ್ತು ಮಲಗಿರುತ್ತಾರೆ.

ಕೆಲವು ವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಿಂದಿನ ಚಿಕ್ಕ ಕೋಣೆಗೆ ನನ್ನ ಮೇಜು, ಮಂಚ ಎರಡನ್ನೂ ಸಾಗಿಸಿಕೊಂಡಿದ್ದೇನೆ. ನಿನ್ನ ಕಾಗದಗಳನ್ನು ಆಫೀಸಿನ ಬದಲು ಮನೆಯ ವಿಳಾಸಕ್ಕೇ ಕಳಿಸು.

ಅತ್ತಿಗೆ


ಏಪ್ರಿಲ್ ೬

ಅತ್ತಿಗೆಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಂದು ಕೊಂಕಿಲ್ಲ, ಒಂದು ತಮಾಷೆಯಿಲ್ಲ. ನೀವು ಬರೆದದ್ದೇ ಹೌದೇ ಎಂದು ಅಕ್ಷರ ನೋಡಿದೆ.

ಸುತ್ತಿ ಬಳಸಿ ಕೇಳುವುದಿಲ್ಲ. ಮಂಚ ಬೇರೆ ಕೋಣೆಗೆ ಹೋಯಿತು ಎಂದರೆ ಅರ್ಥವಾಗದಷ್ಟು ನಾನು ಚಿಕ್ಕವಳಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನೀವು ಉಂಡು ಬೇರೆ ಬೇರೆ ಕೋಣೆಯಲ್ಲಿ ಮಲಗಿದರೆ ಅದು ಮುಗಿಯುವುದು ಹೇಗೆ? ಅಣ್ಣನಿಗೆ ಫೋನ್ ಮಾಡಿ, ಅತ್ತಿಗೆ ಹೇಗಿದ್ದಾರೆ ಎಂದು ಬೇಕೆಂದೇ ಕೇಳಿದೆ. ಊಟವಾಯಿತೇ ಎಂದು ನನ್ನನ್ನೇ ಕೇಳಿದ. ಆಮೇಲೆ, “ಅವಳಿಲ್ದೆ ಇದ್ದಿದ್ರೆ ನಾನು ಏನಾಗ್ತಿದ್ದೆನೋ” ಎಂದ. ಮೂಗು ಏರಿಸಿದ ಸದ್ದು ಕೇಳಿಸಿತು. ಅಣ್ಣ ಅತ್ತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ತಪ್ಪು ಅವನದೇ ಇರಬೇಕು, ಪಶ್ಚಾತ್ತಾಪವೂ ಆಗಿದೆ. ನನ್ನ ಅಣ್ಣನೆಂದು ನಾನು ಅವನ ಪಕ್ಷ ಹಿಡಿಯುವವಳಲ್ಲ. ನೀವು ಬೇಕಾದಷ್ಟು ಸತಾಯಿಸಿ, ಆದರೆ ಒಂದು ಮಿತಿ ಇರಲಿ. ಅಮ್ಮನಿಗೂ ಗೊತ್ತಾಗಿದೆ ಎಂದು ಕಾಣುತ್ತದೆ, ಅವಳೂ ಎರಡು ಮಾತಾಡಿ, ಧಾರಾವಾಹಿ ಶುರುವಾಯಿತು ಎಂದು ಫೋನ್ ಇಡುತ್ತಾಳೆ.

ಇಲ್ಲಿ ಎಲ್ಲ ಗಟ್ಟಿಯಾಗಿ ನಡೆದಿದೆ. ಹಾಸಿಗೆಯೊಂದಕ್ಕೆ ತಂತಿ ಉಲ್ಟಾ ಹಾಕಿದ್ದರು, ನಾನೇ ಹಿಡಿದೆ. ಹಿರಿಯ ಸಿಸ್ಟರ್ ಒಂದು ಸಲ ‘ಇವರೇ’ ಎಂದು ಕರೆದರು. ‘ಹೊಸ ಹುಡುಗಿ’ಗಿಂತ ಅದು ಎಷ್ಟೋ ಮೇಲು.

ಚೂಟಿ


ಏಪ್ರಿಲ್ ೧೭

ಚೂಟಿ,

ನಿನ್ನ ಮೂಗು ಬಲು ಚುರುಕು. ನಿನ್ನಿಂದ ಏನನ್ನೂ ಮುಚ್ಚಿಡುವಂತಿಲ್ಲ. ಹೌದು, ನಿಮ್ಮಣ್ಣನಿಗೂ ನನಗೂ ಸಣ್ಣ ಮುನಿಸು. ಕಾರಣ ಹೇಳಿದರೆ ನಗುತ್ತೀಯ, ಅದಕ್ಕೆ ಹೇಳುವುದಿಲ್ಲ. ನೀನು ನಡುವೆ ಬರಬೇಡ, ಅತ್ತೆಯ ಬಳಿ ಮಾತೆತ್ತಲೂ ಬೇಡ. ಅವರಿಗೆ ಬೇಸರವಾಗುತ್ತದೆ.

ಪಾರ್ಸೆಲ್‌ನಲ್ಲಿ ಹೊಸ ಮೂಲವಿದೆ. ನಿನ್ನ ಗಂಡನ ಮನೆಯ ಫೈಲನ್ನು ಹಾಗೆಯೇ ಇಟ್ಟುಕೊಂಡು ಹಾಸಿಗೆಯ ಲೆಕ್ಕವನ್ನು ಹದಿನೆಂಟು ಮಾಡು, ಬೇರೇನೂ ಮುಟ್ಟಬೇಡ. ನೆಂಟರ ಮನೆಯಲ್ಲಿ ಎರಡು ದಿನ ಓಡಿಸಿದ್ದೇವೆ, ಒಂದು ಕೂದಲೂ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡು ಕಟ್ಟು. ನನ್ನ ಕೆಲಸದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ.

ಅತ್ತಿಗೆ


ಏಪ್ರಿಲ್ ೨೯

ಅತ್ತಿಗೆ,

ಇವತ್ತು ಮಧ್ಯಾಹ್ನ ನಾನು ಸತ್ತೆ. ಯಾರೂ ಬರಲಿಲ್ಲ.

ಹೊಸ ಬಿಲ್ಡ್‌ನ ತಾಲೀಮು ಇತ್ತು. ಒಬ್ಬರು ರೋಗಿಯಂತೆ ಮಲಗಬೇಕು, ನಾಡಿ ಅಳೆಯುವ ಬೆರಳಿನ ಕ್ಲಿಪ್ಪು ಕಳಚಬೇಕು, ಅಲಾರಂ ಕೇಳಿ ನರ್ಸ್ ಓಡಿ ಬರಬೇಕು. ನಾನೇ ಮಲಗುತ್ತೇನೆ ಎಂದೆ. ಹದಿನೇಳನೇ ಹಾಸಿಗೆ, ಕಿಟಕಿಯ ಪಕ್ಕ, ಹೊಸ ಚಾದರದ ವಾಸನೆ. ಕ್ಲಿಪ್ಪು ಕಳಚಿ ಕಣ್ಣು ಮುಚ್ಚಿದೆ. ಮೊದಲು ನಗು ಬಂತು. ಆಮೇಲೆ ಯಾಕಿಷ್ಟು ತಡ ಎನಿಸಿತು. ತಲೆ ಎತ್ತಿ ನೋಡಿದರೆ ಮೇಜಿನ ಪರದೆ ಕೆಂಪಾಗಿ ಮಿಟುಕುತ್ತಿದೆ, ಅದಕ್ಕೆ ಬೆನ್ನು ಹಾಕಿ ಕೂತ ನರ್ಸ್ ಔಷಧಿಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಾರೆ. ಅವರ ತಪ್ಪಿಲ್ಲ. ಸದ್ದೇ ಇರಲಿಲ್ಲ. ನಾನು ಎದ್ದು ನಡೆದುಹೋಗಿ ಅವರ ಭುಜ ಮುಟ್ಟಿದೆ.

ಹಿರಿಯ ಸಿಸ್ಟರ್ ಬೈಯಲಿಲ್ಲ. ನನ್ನ ಮುಖವನ್ನೇ ನೋಡಿ, “ನಿಜವಾದ ರೋಗಿ ಎದ್ದು ಬಂದು ಹೇಳಲ್ಲಮ್ಮ” ಎಂದರು. ಬೈದಿದ್ದರೆ ವಾಸಿಯಿತ್ತು.

ಸಂಜೆಯವರೆಗೆ ಕೂತು ಹುಡುಕಿದೆ. ನನ್ನ ಫೈಲಿನಲ್ಲಿ ಬದಲಾದದ್ದು ಹಾಸಿಗೆಯ ಲೆಕ್ಕ ಮಾತ್ರ. ಸದ್ದಿನ ಸಾಲು ಮೊದಲೂ ಖಾಲಿ, ಈಗಲೂ ಖಾಲಿ. ಹಾಗಾದರೆ ತವರನ್ನು ನೋಡೋಣ ಎಂದು ನಿಮ್ಮ ಎರಡು ಪಾರ್ಸೆಲ್‌ಗಳ ತವರಿನ ಫೈಲನ್ನು ಪಕ್ಕಪಕ್ಕ ಇಟ್ಟೆ. ಮೊದಲನೆಯದರಲ್ಲಿ ಸದ್ದು ಏಳು. ಎರಡನೆಯದರಲ್ಲಿ ಸೊನ್ನೆ. ಪಕ್ಕದ ಟಿಪ್ಪಣಿಯ ಪ್ರಕಾರ ಬದಲಿಸಿದವರು ನೀವು, ಮಾರ್ಚ್ ೨೭ರಂದು. ಕಾರಣದ ಜಾಗದಲ್ಲಿ ‘ಮನೆಯಲ್ಲಿ ಸದ್ದು ಬೇಡ’ ಎಂದಿದೆ. ನೆಂಟರ ಮನೆಗೆ ಅದರದೇ ಅಂಕಿ ಇರುವುದರಿಂದ ನಿಮ್ಮ ಪರೀಕ್ಷೆಯಲ್ಲಿ ಚೆನ್ನಾಗಿ ಕೂಗಿತು. ಇಲ್ಲಿ ಬಿಲ್ಡ್ ತನಗಿಲ್ಲದ್ದನ್ನು ಸದ್ದಿಲ್ಲದೆ ತವರಿನಿಂದ ತಂದುಕೊಂಡಿತು. ತಂದದ್ದು ಸೊನ್ನೆ.

ಎರಡು ಪ್ರಶ್ನೆ. ಅಷ್ಟು ಮುಖ್ಯವಾದ ಸಾಲು ಖಾಲಿಯಿದೆ ಎಂದು ನಿಮ್ಮ ಬಿಲ್ಡ್ ಒಂದು ಮಾತು ಯಾಕೆ ಹೇಳಲಿಲ್ಲ? ಮನೆಯಲ್ಲಿ ಸದ್ದು ಯಾಕೆ ಬೇಡ? ಅಣ್ಣನ ಜೊತೆಗಿನ ಮುನಿಸು ಇದಕ್ಕೇ ಎಂದಾದರೆ ನನಗೆ ನಗು ಬರುತ್ತಿಲ್ಲ. ಅಣ್ಣನಿಗೆ ನಿದ್ದೆ ಕೆಡುತ್ತದೆಂದು ಇಲ್ಲಿ ಹದಿನೆಂಟು ಜನ ಜೀವ ಪಣಕ್ಕಿಡಬೇಕೇ?

ಸಹಿ ಹಾಕುವ ಕಾಗದ ನನ್ನ ಮೇಜಿನ ಮೇಲಿದೆ. ಹಾಕಿಲ್ಲ.

ಚೂಟಿ


ಮೇ ೩

ಚೂಟಿ,

ಕಾಗದವನ್ನು ನಿಂತಲ್ಲೇ ಎರಡು ಸಲ ಓದಿದೆ. ವಾರ್ಡಿಗೆ ರೋಗಿಗಳು ಇನ್ನೂ ಬಂದಿಲ್ಲವಲ್ಲ ಎಂದು ಎಷ್ಟು ಸಲ ಸಮಾಧಾನ ಹೇಳಿಕೊಂಡೆನೋ.

ಸೊನ್ನೆ ಮಾಡಿದವಳು ನಾನೇ. ಅದು ನನ್ನ ಮನೆ, ನನ್ನ ಯಂತ್ರ, ಅಲ್ಲಿ ಸದ್ದು ಎಷ್ಟಿರಬೇಕು ಎಂಬುದು ನನಗೆ ಬಿಟ್ಟದ್ದು. ನೀನು ಊಹಿಸಿದ್ದು ಸರಿ, ನಿಮ್ಮಣ್ಣನ ನಿದ್ದೆ ಈಚೆಗೆ ಬಹಳ ಸೂಕ್ಷ್ಮವಾಗಿದೆ, ಸಣ್ಣ ಸದ್ದಿಗೂ ಎದ್ದು ಕೂರುತ್ತಾರೆ. ನಿನ್ನ ಗಂಡನ ಮನೆಯ ಫೈಲಿನಲ್ಲಿ ಸದ್ದಿನ ಸಾಲು ಖಾಲಿ ಇರುವುದನ್ನು ನಾನು ಕೇಳಬೇಕಿತ್ತು. ನೀನೂ ಬಿಡಬಾರದಿತ್ತು. ಖಾಲಿ ಬಿಡು ಎಂದವಳು ನಾನೇ, ಅದೂ ನಿಜ.

ಪರಿಹಾರ ಸುಲಭ. ಆ ಸಾಲಿನಲ್ಲಿ ಏಳು ಎಂದು ಬರೆ, ಮತ್ತೆ ಕಟ್ಟು, ಮಲಗಿ ನೋಡು. ಕೂಗುತ್ತದೆ. ಸಹಿ ಹಾಕು. ಬಿಲ್ಡ್‌ನ ಉಳಿದ ಏರ್ಪಾಟನ್ನು ಈಗ ಕದಡುವುದು ಬೇಡ, ದಿನ ಹತ್ತಿರ ಬಂದಿದೆ.

ಅತ್ತಿಗೆ


ಮೇ ೭

ಅತ್ತಿಗೆಗೆ,

ಏಳು ಎಂದು ಬರೆದೆ, ಕಟ್ಟಿದೆ, ಮಲಗಿದೆ. ಕೂಗಿತು. ಸಹಿ ಹಾಕಲಿಲ್ಲ.

ಅಂದು ಸದ್ದಿನ ತಪ್ಪು ಸಿಕ್ಕಿಬಿತ್ತು, ಯಾಕೆಂದರೆ ನಾನೇ ಮಲಗಿದ್ದೆ. ಇನ್ನೂ ಯಾವ ಯಾವ ಸಾಲು ಖಾಲಿಯಿದೆ, ಅದಕ್ಕೆ ತವರಿನಿಂದ ಏನು ಬಂದು ಕೂತಿದೆ ಎಂದು ನನಗೆ ಗೊತ್ತಿಲ್ಲ. ಬಿಲ್ಡ್ ಹೇಳುವುದಿಲ್ಲ, ಅದು ನಿಲ್ಲುವುದೇ ಇಲ್ಲವಲ್ಲ. ನನಗೆ ನಿಲ್ಲುವ ಬಿಲ್ಡ್ ಬೇಕು. ಇಂಥದ್ದು ಇಲ್ಲ, ಇದನ್ನು ಕೊಡದೆ ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿಯುವ ಬಿಲ್ಡ್. ಅದು ಬರುವವರೆಗೆ ವಾರ್ಡು ತೆರೆಯುವುದಿಲ್ಲ ಎಂದು ಮುಖ್ಯಸ್ಥರಿಗೆ ಹೇಳಿದ್ದೇನೆ. 

ಎರಡನೆಯ ಮಾತು. ನಿಮ್ಮ ಕಾಗದವನ್ನು ಬೆಳಿಗ್ಗೆ ನಂಬಿದೆ, ಊಟದ ಹೊತ್ತಿಗೆ ನಂಬಿಕೆ ಹೋಯಿತು. ಅಣ್ಣನ ನಿದ್ದೆ ಸೂಕ್ಷ್ಮವೇ? ಕಾಲೇಜಿನ ದಿನಗಳಲ್ಲಿ ಒಂದು ರಾತ್ರಿ ಅವನ ಕೋಣೆಯ ಅಟ್ಟದಿಂದ ಹಿತ್ತಾಳೆಯ ಹಂಡೆ ಉರುಳಿ ಬಿದ್ದಾಗ, ಅಕ್ಕಪಕ್ಕದ ಮನೆಯವರೆಲ್ಲ ಬಂದರು, ಅವನು ಮಗ್ಗುಲು ಬದಲಿಸಿದ. ಅವನಿಗಾಗಿ ಯಾರೂ ಸದ್ದು ಕಡಿಮೆ ಮಾಡಬೇಕಿಲ್ಲ. ಹಾಗಾದರೆ ಯಾರಿಗಾಗಿ?

ಹಿಂದಿನ ಚಿಕ್ಕ ಕೋಣೆ ಅಮ್ಮನ ಕೋಣೆಗೆ ಅಂಟಿದೆ. ನಿಮ್ಮ ಮಂಚ ಅಣ್ಣನಿಂದ ದೂರ ಹೋಯಿತು ಎಂದು ನಾನು ಓದಿದೆ, ಅಮ್ಮನ ಹತ್ತಿರ ಹೋಯಿತು ಎಂದು ಓದಲಿಲ್ಲ. ಅಮ್ಮ ಚಿಕ್ಕಮ್ಮನ ಮನೆಯಿಂದ ಬಂದ ಮರುದಿನವೋ ಏನೋ ನೀವು ಸದ್ದನ್ನು ಅಡಗಿಸಿದ್ದೀರಿ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ ಅತ್ತಿಗೆ. ಆ ಬೀಪ್ ಸದ್ದಿಗೆ ಯಾರು ಬೆಚ್ಚುತ್ತಾರೆ ಎಂದು ದಿನವೂ ನೋಡುತ್ತೇನೆ. ಐಸಿಯುನಿಂದ ಹೊರಗೆ ಬಂದವರು ಬೆಚ್ಚುತ್ತಾರೆ.

ಫೋನ್ ಮಾಡಿ ಕೇಳಬಹುದಿತ್ತು. ಫೋನಿನಲ್ಲಿ ನೀವು ಮೂವರೂ ನಾಟಕದವರು. ನಿನ್ನೆ ಅಮ್ಮನಿಗೆ ಫೋನ್ ಮಾಡಿ ಬೇಕೆಂದೇ ಏನೂ ಕೇಳಲಿಲ್ಲ, ಉಸಿರನ್ನಷ್ಟೇ ಕೇಳಿದೆ. ಮಾತಿನ ನಡುವೆ ನಿಲ್ಲುತ್ತಾಳೆ. ಇದು ದಣಿವಲ್ಲ.

ಕಾಗದದಲ್ಲಿ ಬರೆದು ಕಳಿಸಿ. ಯಾವ ಸಾಲನ್ನೂ ಖಾಲಿ ಬಿಡಬೇಡಿ.

ಚೂಟಿ


ಮೇ ೧೦

ಚೂಟಿ, ನನ್ನ ಕಣ್ಣೇ,

ಮಾರ್ಚ್ ಹದಿನೇಳರ ಬೆಳಿಗ್ಗೆ ಅತ್ತೆ ಮಹಡಿಯ ಮೆಟ್ಟಿಲಿನ ಮೇಲೆ ನೀರಿನ ಕೊಡ ಇಳಿಸಿ ಕೂತರು. ಎದೆ ಹಿಡಿದಂತಾಗುತ್ತಿದೆ ಎಂದರು. ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ, ಹೃದಯದ ನಾಳ ಕಟ್ಟಿಕೊಂಡಿತ್ತು, ಅಂದೇ ಬಿಡಿಸಿದರು. ಆಮೇಲೆ ಐಸಿಯು, ಆಮೇಲೆ ವಾರ್ಡು. ೨೬ಕ್ಕೆ ಮನೆಗೆ ಬಂದರು. ಚಿಕ್ಕಮ್ಮನ ಮನೆ ನಾನು ಕಟ್ಟಿದ ಕಥೆ. ಗಂಡ ಹೆಂಡಿರ ಜಗಳ ನೀನು ಕಟ್ಟಿಕೊಟ್ಟ ಕಥೆ, ನನಗೆ ಅನುಕೂಲವಾಯಿತು, ಹಿಡಿದುಕೊಂಡೆ. ನಿಮ್ಮಣ್ಣ ಅತ್ತದ್ದು ಅಮ್ಮನಿಗಾಗಿ.

ಮರುದಿನ ಚಿಕ್ಕ ಕೋಣೆಯಲ್ಲಿ ಕೂತು ಅಲಾರಂ ಓಡಿಸಿದೆ. ಒಂದೇ ಸಲ ಕೂಗಿತು. ಪಕ್ಕದ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಓಡಿದೆ. ಅತ್ತೆ ಮಂಚದಿಂದಿಳಿದು ನಿಂತಿದ್ದಾರೆ, ಕೈಯಲ್ಲಿ ಹೊದಿಕೆ, ಬಾಯಿ ಒಣಗಿದೆ. “ಪಕ್ಕದ ಹಾಸಿಗೆಯವಳಿಗೆ ಏನೋ ಆಯ್ತು, ಯಾರಾದ್ರೂ ಬರ್ರಿ” ಎನ್ನುತ್ತಿದ್ದಾರೆ. ಐಸಿಯುನಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಒಂದು ಮಧ್ಯಾಹ್ನ ಅಲಾರಂ ಕೂಗುತ್ತಿರುವಾಗಲೇ ಹೋದರಂತೆ. ನಮಗೂ ಅದು ಅಂದೇ ಗೊತ್ತಾದದ್ದು. ಅವರನ್ನು ಮಲಗಿಸಿ ಬಂದು ಸದ್ದನ್ನು ಸೊನ್ನೆ ಮಾಡಿದೆ. ಅದೇ ಫೈಲು ನಿನ್ನ ವಾರ್ಡಿಗೆ ಬರುತ್ತದೆ ಎಂದು ಆ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ. ಬಿಲ್ಡ್ ಕಟ್ಟಿದವಳು ನಾನು, ನನಗೆ ಹೊಳೆಯಬೇಕಿತ್ತು.

ನಿನಗೆ ಹೇಳಬಾರದೆಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡರು. ‘ಅವಳು ಅಷ್ಟು ಕಷ್ಟಪಟ್ಟು ಹಿಡಿದ ಕೆಲಸ, ವಾರ್ಡು ಶುರುವಾಗಲಿ, ಆಮೇಲೆ ನಾನೇ ಹೇಳುತ್ತೇನೆ’ ಎಂದರು. ಅವರ ಮಾತಿಗೆ ಒಪ್ಪಿದೆ. ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟುವುದಿಲ್ಲ. ಏನೂ ನಿಲ್ಲದೆ ನಡೆಯುತ್ತಿರಲಿ ಎಂಬುದು ನನ್ನ ಸ್ವಭಾವವೇ. ಮನೆಯನ್ನೂ ಹಾಗೇ ನಡೆಸಿದೆ.

ಈಗ ಅವರು ಚೆನ್ನಾಗಿದ್ದಾರೆ, ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಡಾಕ್ಟರರ ಚೀಟಿಗಳ ನಕಲುಗಳನ್ನೆಲ್ಲ ಜೊತೆಗಿಟ್ಟಿದ್ದೇನೆ, ನಿಮ್ಮಲ್ಲಿ ಯಾರಿಗಾದರೂ ತೋರಿಸು. ಗೇಟಿನವರೆಗೆ ನಡೆಯುತ್ತಾರೆ. ಕುಂಡ ಮುಟ್ಟಲು ಬಿಡುವುದಿಲ್ಲ ಎಂದು ನನ್ನ ಮೇಲೆ ದೂರಿದೆ.

ಪೆನ್‌ಡ್ರೈವಿನಲ್ಲಿ ಹೊಸ ಬಿಲ್ಡ್ ಇದೆ. ತವರಿಗೂ ಗಂಡನ ಮನೆಗೂ ಇದ್ದ ದಾರಿಯನ್ನು ಕಿತ್ತು ಹಾಕಿದ್ದೇನೆ. ಇನ್ನು ಒಂದು ಸಾಲು ಖಾಲಿಯಿದ್ದರೂ ಅದು ಅಲ್ಲೇ ನಿಂತು, ಯಾವ ಸಾಲು, ಯಾರನ್ನು ಕೇಳಬೇಕು ಎಂದು ಹೇಳುತ್ತದೆ. ನೆಂಟರ ಮನೆಯಲ್ಲಿ ಓಡಿಸಿದೆ, ನನ್ನ ಬಿಲ್ಡ್ ಮೊದಲ ಸಲ ನಿಂತಿತು. ಆಫೀಸಿನ ಹುಡುಗರು ನನ್ನ ಮುಖ ನೋಡಿದರು. ಸರಿಯಾಗಿದೆ ಎಂದೆ.

ನಿನ್ನ ಮುಂದೆ ನಿಂತು ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಕಾಗದ ಕೇಳಿದ್ದು ಒಳ್ಳೆಯದಾಯಿತು.

ಅತ್ತಿಗೆ


ಮೇ ೧೪

ಅತ್ತಿಗೆಗೆ,

ಕಾಗದ ಓದಿ ಆ ತಣ್ಣನೆಯ ಕೋಣೆಯಲ್ಲಿ ಸ್ವೆಟರಿನ ತೋಳಿಗೆ ಮುಖ ಒತ್ತಿ ಅತ್ತುಬಿಟ್ಟೆ. ನಿಮ್ಮ ಮೇಲೆ ಸಿಟ್ಟಿದೆ. ಅಮ್ಮನ ಮೇಲೆ ಇನ್ನೂ ಹೆಚ್ಚು. ನಾನು ಕೆಲಸ ಬಿಟ್ಟು ಓಡಿ ಬರುತ್ತೇನೆಂದು ಹೆದರಿದಳಂತೆ. ಓಡಿ ಬರುತ್ತಿದ್ದೆ, ಹೌದು. ಅವಳ ಹಾಸಿಗೆಯ ಪಕ್ಕ ಕೂತು, ಅವಳು ಗುಣವಾದ ಮೇಲೆ ವಾಪಸು ಬರುತ್ತಿದ್ದೆ. ಅವಳು ಐಸಿಯುನಿಂದ ಬಂದು ಮಲಗಿದ್ದ ದಿನಗಳಲ್ಲಿ ನಾನು ಇಲ್ಲಿ ಕೂತು ನಿಮ್ಮಿಬ್ಬರ ಸಂಸಾರ ಸರಿಮಾಡುವ ಮಾತು ಹೆಣೆಯುತ್ತಿದ್ದೆನಲ್ಲ ಎಂಬುದೇ ನನಗೆ ನುಂಗಲಾಗುತ್ತಿಲ್ಲ. ಅಮ್ಮ ಸಾಯಬಹುದಿತ್ತು ಅತ್ತಿಗೆ, ನಾನು ಅವಳ ಧಾರಾವಾಹಿಯನ್ನು ಬೈಯುತ್ತಾ ಇರುತ್ತಿದ್ದೆ. ಇನ್ನೊಮ್ಮೆ ಹೀಗೆ ಮಾಡಿದರೆ ನಿಮ್ಮನ್ನು ಅತ್ತಿಗೆ ಎಂದು ಕರೆಯುವುದಿಲ್ಲ.

ಇಷ್ಟು ಹೇಳಬೇಕಿತ್ತು, ಹೇಳಿದೆ. ಅವಳನ್ನು ಮೆಟ್ಟಿಲಿನಿಂದ ಎತ್ತಿಕೊಂಡು ಹೋದವರು ನೀವು. ನನಗೆ ಅದೂ ಗೊತ್ತು.

ಚೀಟಿಗಳನ್ನು ಹೃದಯದ ವಿಭಾಗದ ಡಾಕ್ಟರಿಗೆ ತೋರಿಸಿದೆ. ಗೇಟಿನಿಂದ ಮುಂದಕ್ಕೂ ನಡೆಸಿ, ರಸ್ತೆಯ ಕೊನೆಯವರೆಗೆ, ಎಂದರು.

ಹೊಸ ಬಿಲ್ಡ್ ಓಡಿಸಿದೆ. ನಿಂತಿತು. ‘ಸದ್ದಿನ ಮಟ್ಟ ಬರೆದಿದೆ, ಸರಿ. ನಾಡಿಯ ಕೆಳಮಿತಿ ಬರೆದಿಲ್ಲ, ವಾರ್ಡಿನ ಹಿರಿಯ ನರ್ಸ್ ಅವರನ್ನು ಕೇಳಿ.’  ಇಷ್ಟು ದಿನ ಆ ಮಿತಿಯೂ ನಿಮ್ಮ ಮನೆಯದೇ ಇತ್ತು. ಸಿಸ್ಟರ್ ಪರದೆಯನ್ನು ಓದಿ, ಇದಕ್ಕೆ ನನ್ನನ್ನು ಕೇಳಬೇಕೆಂದು ಗೊತ್ತಿದೆಯಲ್ಲ ಎಂದು ಮೆಚ್ಚಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಮತ್ತೆರಡು ಸಲ ನಿಂತಿತು, ಮತ್ತೆರಡು ಸಲ ಕೇಳಿ ಬರೆದೆವು. ಕೊನೆಗೆ ಕಟ್ಟಿ ಮುಗಿಸಿತು.

ಹದಿನೇಳನೇ ಹಾಸಿಗೆಯಲ್ಲಿ ಮಲಗಿ ಕ್ಲಿಪ್ಪು ಕಳಚಿದೆ. ಸದ್ದು ಶುರುವಾದದ್ದೇ ತಡ, ಮೂವರು ಓಡಿ ಬಂದರು. ಒಬ್ಬಳ ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ಸಹಿ ಹಾಕಿದೆ. ಮುಖ್ಯಸ್ಥರು ನನ್ನ ಪೂರ್ತಿ ಹೆಸರು ಏನು ಎಂದು ಕೇಳಿ ಬರೆದುಕೊಂಡರು.

ನಾಳೆ ಸಂಜೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮೊದಲೇ ನಾನು ಬಂದಿರುತ್ತೇನೆ, ಆದರೂ ಬರೆದೆ. ಹತ್ತೊಂಬತ್ತಕ್ಕೆ ಇಲ್ಲಿರಬೇಕು, ಇರುತ್ತೇನೆ. ಅಮ್ಮ ಏನೂ ಮುಚ್ಚಿಡುವ ಅಗತ್ಯವಿರಲಿಲ್ಲ ಎಂದು ಅವಳಿಗೆ ತೋರಿಸಬೇಕು.

ಚೂಟಿ


ಮೇ ೨೭

ಪ್ರೀತಿಯ ಚೂಟಿಗೆ,

ವಾರ್ಡು ತುಂಬಿದೆ ಎಂದು ನಿನ್ನೆ ನೀನು ಫೋನಿನಲ್ಲಿ ಹೇಳಿದಾಗ ನಿಮ್ಮಣ್ಣ ಪೇಪರ್ ಮಡಿಸಿಟ್ಟರು. ಇದಕ್ಕಿಂತ ದೊಡ್ಡ ಗೌರವ ಈ ಮನೆಯಲ್ಲಿ ಯಾರಿಗೂ ಸಿಕ್ಕಿಲ್ಲ.

ನೀನು ಹೊರಟ ಮೇಲೆ ನಡೆದದ್ದನ್ನು ಫೋನಿನಲ್ಲಿ ಹೇಳಲಿಲ್ಲ, ಅತ್ತೆ ಪಕ್ಕದಲ್ಲೇ ಇದ್ದರು. ಬಂದ ದಿನ ನೀನು ಅವರ ಜೊತೆ ಜಗಳವಾಡಿದೆಯಲ್ಲ, ಬಾಗಿಲು ಹಾಕಿಕೊಂಡು. ನಾವಿಬ್ಬರು ನಡುಮನೆಯಲ್ಲಿ ಕೂತಿದ್ದೆವು. ಎದೆಗೆ ಏನಾದರೂ ಆದೀತೆಂದು ನಿಮ್ಮಣ್ಣ ಎರಡು ಸಲ ಎದ್ದರು, ನಾನು ಎರಡು ಸಲ ಕೂರಿಸಿದೆ. ಆ ಜಗಳದಿಂದ ಅತ್ತೆಗೆ ಎರಡು ಔಷಧಿಯಷ್ಟು ಗುಣವಾಗಿದೆ. ನನ್ನನ್ನು ಯಾರೂ ಬೈದೇ ಇರಲಿಲ್ಲ, ಸಾಯುವವಳನ್ನು ನೋಡುವ ಹಾಗೆ ನೋಡುತ್ತಿದ್ದಿರಿ ಎಂದು ಈಗ ನಮಗೇ ಹೇಳುತ್ತಾರೆ.

ಈ ಬೆಳಿಗ್ಗೆ ರಸ್ತೆಯ ಕೊನೆಯವರೆಗೆ ನಡೆದು ಬಂದರು. ನಾನು ಕೆಲಸಕ್ಕೆ ಕೂತಿದ್ದೆ. ಬಂದವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ನಿನ್ನ ವಾರ್ಡಿನ ಅಲಾರಂ ಇದೇನಾ ಎಂದು ಕೇಳಿದರು. ಹೌದು ಎಂದೆ. ಕೂಗಿಸು ಎಂದರು. ಬೇಡ ಅತ್ತೆ ಎಂದೆ. ಮಗಳು ಮಾಡಿದ್ದನ್ನು ನಾನು ಕೇಳಬೇಡವೇ ಎಂದು ಗದರಿದರು.

ಮಂಚದ ಮೇಲೆ ಕೂರಿಸಿ, ಸದ್ದನ್ನು ಮತ್ತೆ ಏಳಕ್ಕೆ ಏರಿಸಿ, ಕೈ ಹಿಡಿದುಕೊಂಡು ಕೂಗಿಸಿದೆ. ಅವರ ಬೆರಳುಗಳು ನನ್ನ ಕೈಯನ್ನು ಹಿಂಡಿದವು. ಕಣ್ಣು ಮುಚ್ಚಲಿಲ್ಲ. ನಾನು ನಿಲ್ಲಿಸಿದೆ. 

“ಅಲ್ಲಿ ಇದು ಕೂಗಿದ್ರೆ ಯಾರು ಬರ್ತಾರೆ?” ಎಂದು ಕೇಳಿದರು.

ನರ್ಸ್ ಬರುತ್ತಾರೆ ಎಂದೆ.

“ಇಲ್ಲಿ?”

“ನಾನು ಬರ್ತೀನಿ ಅತ್ತೆ.”

ಹಾಗಾದರೆ ಇರಲಿ ಬಿಡು, ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದರು. ಏಳು ಜಾಸ್ತಿಯಾಯಿತು, ನಾಲ್ಕು ಸಾಕಂತೆ. ನಾಲ್ಕಕ್ಕೆ ಇಟ್ಟಿದ್ದೇನೆ.

ನಿನ್ನ ಅತ್ತಿಗೆ